ಬೈಗಳಿಂದ ಹೊಟ್ಟೆ ತುಂಬೀತೇ?

(ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಕೂಟಕ್ಕೆ ಆರಿಸಿಕೊಂಡಿರುವ ವಿಷಯ ನಮ್ಮ ಪಾಡಿಗಳ ತಾಯಂದಿರು ಕೇಳಿದ ಪ್ರಶ್ನೆಯೇ ಆಗಿದೆ. ಚುನಾವಣೆ ಬಂದಾಗ ಜೀಪಿಗೆ ಮೈಕು ಕಟ್ಟಿಕೊಂಡು ಬರುತ್ತಾರೆ. ಒಂದು ಗಂಟೆ ಮಾತಾಡುತ್ತಾರೆ. ಆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಎದುರು ಪಕ್ಷದವನು ಕಳ್ಳ, ಅವನ ಮನೆತನ ಹೀಗೆ, ಅವನ ನಡತೆ ಹಾಗೆ, ಅವನು ಹೊರಗಿನವನು ಎಂಬುದರಲ್ಲೇ ಮುಗಿಯುತ್ತದೆ. ಉಳಿದ ಕಾಲು ಗಂಟೆ ಹಾರ ತುರಾಯಿಗಳಿಗೆ ಹೋಗುತ್ತದೆ. ದಿನಗೂಲಿ ಎಷ್ಟಾಗಬೇಕು, ಸೋರುವ ಪಾಡಿಯನ್ನು ಯಾರು ರಿಪೇರಿ ಮಾಡಿಸಬೇಕು, ಕೆಲಸದಿಂದ ನಿಂತ ಅಜ್ಜಿಯ ಗ್ರಾಚ್ಯುಟಿ ಹಣ ಯಾವಾಗ ಕೈಗೆ ಬರಬೇಕು ಎಂಬುದರ ಮಾತೇ ಇಲ್ಲ. ಇವರು ವಿಷಯ ಬಿಟ್ಟು ಒಬ್ಬರನ್ನೊಬ್ಬರು ಬೈಯುವುದೇಕೆ ಎಂದು ತಾಯಂದಿರು ಕೇಳಿದ್ದಾರೆ.

ಕೆಲವರು ಹೇಳುವುದುಂಟು: "ಅವರಿಗೆ ವಿಷಯ ಗೊತ್ತಿಲ್ಲ, ಅದಕ್ಕೇ ಬೈಯುತ್ತಾರೆ." ಈ ಮಾತು ಪೂರ್ತಿ ಸರಿಯಲ್ಲ. ಎಷ್ಟೋ ಮಂದಿಗೆ ವಿಷಯ ಚೆನ್ನಾಗಿಯೇ ಗೊತ್ತಿದೆ. ಗೊತ್ತಿರುವುದರಿಂದಲೇ ಅದನ್ನು ಎತ್ತುವುದಿಲ್ಲ. ಬೈಗಳಿಗೆ ಖರ್ಚು ಕಡಿಮೆ, ಲಾಭ ಹೆಚ್ಚು. ಆ ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಅದನ್ನು ನಿಲ್ಲಿಸುವ ದಾರಿಯೂ ಕಂಡೀತು.

ನಾವು ಗಡಿ ನಾಡಿನಲ್ಲಿ ಬಾಳುವ ಕನ್ನಡದವರು. ವಯನಾಡಿನಲ್ಲಿದ್ದರೆ ಭಾಷಣ ಮಲಯಾಳದಲ್ಲಿ, ನೀಲಗಿರಿಯಲ್ಲಿದ್ದರೆ ತಮಿಳಿನಲ್ಲಿ. ಬೈಗಳು ಯಾವ ಭಾಷೆಯಲ್ಲಿದ್ದರೂ ಅರ್ಥವಾಗಿಬಿಡುತ್ತದೆ. ಆದರೆ ಕಾನೂನು, ಕಲಮು, ಶೇಕಡ ಇಷ್ಟು ಎಂಬ ಲೆಕ್ಕದ ಮಾತು ಬಂದಾಗ ಭಾಷೆ ತೊಡಕಾಗುತ್ತದೆ. ಆದುದರಿಂದ ಈ ವಿಷಯದಲ್ಲಿ ನಾವು ಇತರರಿಗಿಂತ ಹೆಚ್ಚು ಎಚ್ಚರವಾಗಿರಬೇಕು.

ಟೀಕೆ ಬೇರೆ, ಬೈಗಳು ಬೇರೆ

ಮೊದಲನೆಯದಾಗಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಎದುರಾಳಿಯನ್ನು ಪ್ರಶ್ನಿಸುವುದೆಲ್ಲ ತಪ್ಪಲ್ಲ. ಐದು ವರ್ಷ ಶಾಸಕನಾಗಿದ್ದವನನ್ನು "ನಿನ್ನ ನಿಧಿಯಿಂದ ನಮ್ಮ ತೋಟದ ರಸ್ತೆಗೆ ಎಷ್ಟು ಕೊಟ್ಟೆ?" ಎಂದು ಕೇಳುವುದು ಬೈಗಳಲ್ಲ. ಲಂಚ ತಿಂದ ಕೇಸು ಕೋರ್ಟಿನಲ್ಲಿದ್ದರೆ ಅದನ್ನು ಎತ್ತುವುದು ತೇಜೋವಧೆಯಲ್ಲ. ಅಭ್ಯರ್ಥಿಯ ಮೇಲಿರುವ ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದು ಇವುಗಳ ವಿವರ ಪಡೆಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. ಅಂದಿನಿಂದ ಅಭ್ಯರ್ಥಿಗಳು ನಾಮಪತ್ರದ ಜತೆಗೆ ಪ್ರಮಾಣಪತ್ರ ಕೊಡಬೇಕಾಗಿದೆ. ಇದನ್ನು ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಬೈಗಳು ಯಾವುದು? ಅವನ ಜಾತಿ, ಅವನ ಬಣ್ಣ, ಅವನ ತಾಯಿ, ಅವನ ಸಂಸಾರ, ಅವನ ಭಾಷೆ ಇವುಗಳ ಮೇಲೆ ಬೀಳುವ ಮಾತು ಬೈಗಳು. ಒಂದು ಸುಲಭವಾದ ಪರೀಕ್ಷೆ ಇದೆ. ವೇದಿಕೆಯಿಂದ ಒಂದು ಆರೋಪ ಬಂದಾಗ ಹೀಗೆ ಕೇಳಿಕೊಳ್ಳೋಣ: "ಈ ಮಾತು ನಿಜವೆಂದೇ ಇಟ್ಟುಕೊಂಡರೂ, ಇದರಿಂದ ನಮ್ಮ ಚೆಕ್‌ರೋಲಿನಲ್ಲಿ, ನಮ್ಮ ಮನೆಯಲ್ಲಿ, ನಮ್ಮ ಮಕ್ಕಳ ಶಾಲೆಯಲ್ಲಿ ಏನಾದರೂ ಬದಲಾಗುತ್ತದೆಯೇ?" ಬದಲಾಗುವುದಾದರೆ ಅದು ವಿಷಯ. ಬದಲಾಗದಿದ್ದರೆ ಅದು ಬೈಗಳು.

ಯೇಸುಸ್ವಾಮಿಯನ್ನು ಪ್ರಧಾನ ಯಾಜಕನ ಮುಂದೆ ವಿಚಾರಣೆಗೆ ನಿಲ್ಲಿಸಿದಾಗ ಪಹರೆಯವನೊಬ್ಬನು ಕೆನ್ನೆಗೆ ಹೊಡೆದನು. ಆಗ ಸ್ವಾಮಿಯು ತಿರುಗಿ ಬೈಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ಆಡಿದ ಮಾತಿನಲ್ಲಿ ತಪ್ಪಿದ್ದರೆ ಆ ತಪ್ಪು ಯಾವುದೆಂದು ತೋರಿಸಬೇಕೆಂದೂ, ಇಲ್ಲವಾದರೆ ಏಟಿಗೆ ಕಾರಣ ಹೇಳಬೇಕೆಂದೂ ಕೇಳಿದನು. ಏಟನ್ನು ಬದಿಗಿಟ್ಟು ವಿಷಯಕ್ಕೆ ಬಾ ಎಂದು ಕರೆದ ರೀತಿ ಇದು. ನಾವು ಕಲಿಯಬೇಕಾದದ್ದೂ ಇದನ್ನೇ.

ಬೈಯುವುದರಿಂದ ಯಾರಿಗೆ ಲಾಭ?

ಎರಡನೆಯದಾಗಿ, ಈ ಬೈಗಳ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಒಂದು, ಅಂಕಿ ಹೇಳಿದವನು ಸಿಕ್ಕಿಬೀಳುತ್ತಾನೆ. "ದಿನಗೂಲಿಗೆ ಇಷ್ಟು ರೂಪಾಯಿ ಸೇರಿಸುತ್ತೇನೆ, ಇಂಥ ತಿಂಗಳಿನೊಳಗೆ" ಎಂದು ಹೇಳಿದರೆ ಮುಂದಿನ ಸಾರಿ ಬಂದಾಗ ಮುದುಕಿಯೂ ಕೈ ಹಿಡಿದು ಕೇಳುತ್ತಾಳೆ. ಇದಲ್ಲದೆ ಕೂಲಿಯ ವಿಷಯ ಒಬ್ಬನ ಕೈಯಲ್ಲಿಲ್ಲ. ಕೇರಳದಲ್ಲಿ ತೋಟದ ಕೂಲಿಯನ್ನು ಮಾಲೀಕರು, ಯೂನಿಯನ್‌ಗಳು, ಸರಕಾರ ಮೂವರೂ ಕೂಡುವ ಪ್ಲಾಂಟೇಷನ್ ಲೇಬರ್ ಕಮಿಟಿಯಲ್ಲಿ ಮಾತಾಡಿ ನಿಶ್ಚಯಿಸುವ ಪದ್ಧತಿ ಬೆಳೆದು ಬಂದಿದೆ. ಮಾಲೀಕರು ಚಹಾದ ಹರಾಜಿನ ಬೆಲೆ ತೋರಿಸುತ್ತಾರೆ, ಯೂನಿಯನ್ ಅಕ್ಕಿಯ ಬೆಲೆ ತೋರಿಸುತ್ತದೆ. ಇಷ್ಟೆಲ್ಲವನ್ನು ಬೀದಿಯ ಮೈಕಿನಲ್ಲಿ ಹೇಳಬೇಕಾದರೆ ಅಭ್ಯಾಸ ಬೇಕು, ತಯಾರಿ ಬೇಕು. ಬೈಯಲು ಏನೂ ಬೇಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಎರಡು, ಇಬ್ಬರ ಕೈಗೂ ಮಸಿ ಅಂಟಿದೆ. ಕೇರಳದಲ್ಲಿ ಎರಡು ಕೂಟಗಳೂ ಆಳಿವೆ. ತಮಿಳುನಾಡಿನಲ್ಲಿ ಎರಡು ದ್ರಾವಿಡ ಪಕ್ಷಗಳೂ ಆಳಿವೆ. ದಿಲ್ಲಿಯಲ್ಲೂ ಬೇರೆ ಬೇರೆ ಪಕ್ಷಗಳು ಆಳಿವೆ. ತೋಟದವರಿಗೆ ಮನೆ, ನೀರು, ಆಸ್ಪತ್ರೆ, ಶಿಶುಗೃಹ ಕೊಡಬೇಕೆಂಬ ಕಾನೂನು 1951ರಲ್ಲೇ ಆಯಿತು. ಅದಾದ ಮೇಲೂ ಪಾಡಿಗಳು ಸೋರುತ್ತಲೇ ಇದ್ದರೆ ಆ ತಪ್ಪು ಒಂದೇ ಪಕ್ಷದ್ದಲ್ಲ. ಆ ವಿಷಯ ಎತ್ತಿದವನಿಗೆ "ನೀನು ಆಳಿದಾಗ ಏನು ಮಾಡಿದೆ?" ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಆದುದರಿಂದ ಇಬ್ಬರಿಗೂ ಅದು ಬೇಡದ ವಿಷಯ. ವ್ಯಕ್ತಿಯನ್ನು ಬೈದರೆ ಇಬ್ಬರಿಗೂ ಕ್ಷೇಮ.

ಮೂರು, ಗೆಲ್ಲುವುದಕ್ಕೆ ಒಳ್ಳೆಯವನಾಗಿ ಕಾಣಬೇಕೆಂದಿಲ್ಲ, ಎದುರಾಳಿಗಿಂತ ಒಂದು ವೋಟು ಹೆಚ್ಚಿದ್ದರೆ ಸಾಕು. ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣರು ಒಂದೇ ಒಂದು ವೋಟಿನಿಂದ ಗೆದ್ದರು. ಹೀಗಿರುವಾಗ ಲೆಕ್ಕ ಹಾಕುವವನು ಯೋಚಿಸುತ್ತಾನೆ: ಹೊಸದಾಗಿ ನೂರು ಜನರನ್ನು ತನ್ನ ಕಡೆಗೆ ಒಲಿಸಿಕೊಳ್ಳುವುದು ಕಷ್ಟ. ಎದುರಾಳಿಯ ನೂರು ಜನಕ್ಕೆ ಬೇಸರ ಹುಟ್ಟಿಸಿ ಮನೆಯಲ್ಲೇ ಕೂರಿಸುವುದು ಸುಲಭ. "ಎಲ್ಲರೂ ಕಳ್ಳರೇ, ನಾವೇಕೆ ಹೋಗಿ ವೋಟು ಹಾಕಬೇಕು?" ಎಂದು ನಮ್ಮವರು ಹೇಳುವ ದಿನ ಈ ಲೆಕ್ಕ ಗೆದ್ದಿತು ಎಂದು ತಿಳಿಯಬೇಕು. ಹೇಗೂ ಒಂದು ದಿನದ ಕೆಲಸ ಬಿಟ್ಟು, ಬಸ್ಸಿಗೆ ಕಾದು ವೋಟು ಹಾಕಬೇಕಾದ ಬಡವನೇ ಮೊದಲು ಬೇಸತ್ತು ಮನೆಯಲ್ಲಿ ಕೂರುತ್ತಾನೆ.

ನಾಲ್ಕು, ಬೈಗಳು ಗುಂಪು ಕಟ್ಟುತ್ತದೆ. ಕೂಲಿಯ ಮಾತು ಬಂದರೆ ಕನ್ನಡದವನು, ತಮಿಳಿನವನು, ಮಲಯಾಳದವನು, ಹಿಂದೂ, ಕ್ರೈಸ್ತ, ಮುಸಲ್ಮಾನ ಎಲ್ಲರೂ ಒಂದೇ ತಕ್ಕಡಿಯ ಮುಂದೆ ನಿಂತವರಾಗುತ್ತಾರೆ. ಅವರವರ ಜಾತಿ ಭಾಷೆಗಳ ಮಾತು ಬಂದರೆ ಅದೇ ಸಾಲು ನಾಲ್ಕು ತುಂಡಾಗುತ್ತದೆ. ತುಂಡಾದ ಸಾಲನ್ನು ನಡೆಸುವುದು ಸುಲಭ.

ಐದು, ಬೈಗಳು ಬೇಗ ಹರಡುತ್ತದೆ. ಕೂಲಿಯ ವಿವರ ಹೇಳಿದ ಭಾಷಣ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಒಬ್ಬನು ಒಬ್ಬಳನ್ನು ಹೀನಾಯವಾಗಿ ಅಂದರೆ ಅದು ಮೊದಲ ಪುಟಕ್ಕೆ, ಟಿ.ವಿ.ಗೆ, ಸಂಜೆಯೊಳಗೆ ಎಲ್ಲರ ಕೈಯ ಫೋನಿಗೆ ಬರುತ್ತದೆ. ಬೈದವನ ಹೆಸರು ಪುಕ್ಕಟೆಯಾಗಿ ಮನೆಮನೆಗೆ ತಲುಪುತ್ತದೆ. ಕೇಳುವ ಜನರೂ ಲೆಕ್ಕದ ಮಾತಿಗೆ ಆಕಳಿಸುತ್ತಾರೆ, ಬೈಗಳಿಗೆ ಚಪ್ಪಾಳೆ ಹೊಡೆಯುತ್ತಾರೆ. ಅಂಗಡಿಯವನು ಮಾರಾಟವಾಗುವ ಸರಕನ್ನೇ ತರುತ್ತಾನಲ್ಲವೇ?

ಮುನ್ನಾರಿನ ತಾಯಂದಿರು

ಇದೆಲ್ಲ ನಮ್ಮಂಥ ತೋಟದವರ ಬಾಳಿನಲ್ಲಿ ಹೇಗೆ ನಡೆಯಿತು ಎಂಬುದಕ್ಕೆ ಇಡುಕ್ಕಿ ಜಿಲ್ಲೆಯ ಮುನ್ನಾರೇ ಸಾಕ್ಷಿ.

2015ರ ಸೆಪ್ಟೆಂಬರ್ ತಿಂಗಳಲ್ಲಿ ಮುನ್ನಾರಿನ ಕಣ್ಣನ್ ದೇವನ್ ಹಿಲ್ಸ್ ಕಂಪೆನಿಯ ತೋಟಗಳಲ್ಲಿ ಚಹಾ ಸೊಪ್ಪು ಕೊಯ್ಯುವ ಸಾವಿರಾರು ಹೆಂಗಸರು ಕೆಲಸ ನಿಲ್ಲಿಸಿ ಪೇಟೆಯ ರಸ್ತೆಗೆ ಇಳಿದರು. ಹಿಂದಿನ ವರ್ಷ ಶೇಕಡ 19ರಷ್ಟಿದ್ದ ಬೋನಸ್ಸನ್ನು ಶೇಕಡ 10ಕ್ಕೆ ಇಳಿಸಿದ್ದು ಅವರ ಸಿಟ್ಟಿಗೆ ಕಾರಣವಾಗಿತ್ತು. ದಿನಗೂಲಿ ಆಗ 232 ರೂಪಾಯಿ ಇತ್ತು. ಶೇಕಡ 20 ಬೋನಸ್ಸು, 500 ರೂಪಾಯಿ ಕೂಲಿ, ಇವೇ ಅವರ ಬೇಡಿಕೆಗಳು. ತಮ್ಮ ಹೆಸರಿನಲ್ಲಿ ಮಾತಾಡುತ್ತಿದ್ದ ಯೂನಿಯನ್ ಲೀಡರುಗಳನ್ನೂ ಅವರು ಹತ್ತಿರ ಸೇರಿಸಲಿಲ್ಲ. ಪೆಂಬಿಳೈ ಒರುಮೈ, ಅಂದರೆ ಹೆಂಗಸರ ಒಗ್ಗಟ್ಟು, ಎಂಬ ಹೆಸರಿನಿಂದ ಅವರನ್ನು ನಾಡೆಲ್ಲ ತಿಳಿಯಿತು.

ಆಗ ಬಂದ ಮಾತುಗಳೇನು? ಇದರ ಹಿಂದೆ ಹೊರಗಿನವರ ಕೈವಾಡ ಇದೆ, ಈ ಹೆಂಗಸರನ್ನು ಯಾರೋ ಎತ್ತಿಕಟ್ಟಿದ್ದಾರೆ ಎಂಬ ಮಾತುಗಳು. ಅವರು ಕೇಳಿದ ಲೆಕ್ಕ ಸರಿಯೋ ತಪ್ಪೋ ಎಂಬುದಕ್ಕಿಂತ ಅವರು ಯಾರು, ಯಾರ ಮಾತು ಕೇಳಿ ಬಂದರು ಎಂಬುದು ದೊಡ್ಡದಾಯಿತು. ಆದರೆ ಆ ತಾಯಂದಿರು ಅಂಕಿಯನ್ನು ಕೈಬಿಡಲಿಲ್ಲ. ಒಂಬತ್ತು ದಿನ ಕುಳಿತರು. ಕೊನೆಗೆ ಸೆಪ್ಟೆಂಬರ್ 13ರಂದು ಸರಕಾರದ ಎದುರಿನಲ್ಲಿ ಒಪ್ಪಂದವಾಯಿತು. ಬೋನಸ್ ಕಾನೂನಿನ ಕನಿಷ್ಠವಾದ ಶೇಕಡ 8.33, ಅದರ ಮೇಲೆ ವಿಶೇಷ ಮೊತ್ತವಾಗಿ ಶೇಕಡ 11.67, ಒಟ್ಟು ಶೇಕಡ 20 ದೊರಕಿತು. ಮುಂದೆ ಕೂಲಿಗಾಗಿ ಮತ್ತೆ ಮುಷ್ಕರ ನಡೆದು ಅಕ್ಟೋಬರಿನಲ್ಲಿ ಚಹಾ ತೋಟದ ದಿನಗೂಲಿ 301 ರೂಪಾಯಿ ಎಂದು ನಿಶ್ಚಯವಾಯಿತು. 500 ಸಿಗಲಿಲ್ಲ ನಿಜ. ಆದರೆ ಬೀದಿಯ ಮಾತನ್ನು ಮೇಜಿನ ಮೇಲಿನ ಲೆಕ್ಕಕ್ಕೆ ತಂದವರು ಅವರೇ. ಎರಡೇ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರಿಂದ ಯಾವ ಮಂತ್ರಿಗೂ ಮಾತು ತಿರುಗಿಸಲು ಆಗಲಿಲ್ಲ.

ಈಗ ಇನ್ನೊಂದು ಬದಿಯನ್ನು ನೋಡೋಣ. 2017ರ ಏಪ್ರಿಲಿನಲ್ಲಿ ಮುನ್ನಾರಿನ ಸರಕಾರಿ ಭೂಮಿಯ ಒತ್ತುವರಿ ತೆರವು ಮಾಡುವ ಕೆಲಸ ನಡೆಯುತ್ತಿತ್ತು. ಭೂಮಿ ಯಾರದು, ಒತ್ತುವರಿ ಮಾಡಿದವರು ಯಾರು, ಬಡವನ ಗುಡಿಸಲಿಗೂ ದೊಡ್ಡವನ ರೆಸಾರ್ಟಿಗೂ ಒಂದೇ ನ್ಯಾಯವೇ ಎಂಬುದು ಚರ್ಚೆಯಾಗಬೇಕಾದ ವಿಷಯ. ಆಗ ವಿದ್ಯುತ್ ಮಂತ್ರಿಯಾಗಿದ್ದ ಎಂ. ಎಂ. ಮಣಿಯವರು ಒಂದು ಭಾಷಣದಲ್ಲಿ ಅಧಿಕಾರಿಗಳನ್ನು ಬೈಯುತ್ತ 2015ರಲ್ಲಿ ಮುಷ್ಕರ ನಡೆಸಿದ ಆ ಹೆಂಗಸರ ಮಾನಕ್ಕೆ ಕುಂದು ಬರುವಂತೆ ಮಾತಾಡಿದರೆಂದು ದೊಡ್ಡ ಕೋಲಾಹಲವಾಯಿತು. ತಮ್ಮ ಮಾತನ್ನು ತಿರುಚಲಾಗಿದೆ ಎಂದು ಅವರು ಹೇಳಿದರು, ಖೇದವನ್ನೂ ವ್ಯಕ್ತಪಡಿಸಿದರು. ಅವರ ಪಕ್ಷವೇ ಅವರಿಗೆ ಬಹಿರಂಗವಾಗಿ ಛೀಮಾರಿ ಹಾಕಿತು. ವಿರೋಧ ಪಕ್ಷದವರು ರಾಜೀನಾಮೆ ಕೇಳಿದರು, ವಿಧಾನಸಭೆಯಲ್ಲಿ ಗದ್ದಲವಾಯಿತು. ತಾಯಂದಿರು ಮತ್ತೆ ಮುನ್ನಾರಿನ ಬೀದಿಯಲ್ಲಿ ಕುಳಿತರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. 2015ರಲ್ಲಿ ಅದೇ ಬೀದಿಯಲ್ಲಿ ಕುಳಿತದ್ದು ಕೂಲಿಗಾಗಿ. 2017ರಲ್ಲಿ ಕುಳಿತದ್ದು ಮಾನಕ್ಕಾಗಿ. ಮಾನಕ್ಕಾಗಿ ಕೂರಲೇಬೇಕಾಗಿತ್ತು, ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಬೈಗಳು ಮಾಡುವ ಹಾನಿ ಇದೇ. ಬೈಸಿಕೊಂಡವರು ತಮ್ಮ ಶಕ್ತಿಯನ್ನೆಲ್ಲ ತಮ್ಮ ಹೆಸರನ್ನು ತೊಳೆದುಕೊಳ್ಳುವುದಕ್ಕೆ ಖರ್ಚು ಮಾಡಬೇಕಾಗುತ್ತದೆ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಕ್ರೂರವಾದದ್ದು. ಗಂಡಸು ಲೀಡರಾದರೆ ಕಳ್ಳ ಎನ್ನುತ್ತಾರೆ. ಹೆಂಗಸು ಮುಂದೆ ಬಂದರೆ ಅವಳ ಶೀಲವನ್ನೇ ಎಳೆಯುತ್ತಾರೆ. ಅದನ್ನು ಕೇಳಿದ ಇನ್ನೊಬ್ಬ ತಾಯಿ "ನಮಗೇಕಪ್ಪ ಈ ಲೀಡರ್‌ಗಿರಿ?" ಎಂದು ಹಿಂದೆ ಸರಿಯುತ್ತಾಳೆ. ಅಲ್ಲಿಗೆ ಒಂದು ಬೈಗಳು ನೂರು ಹೆಂಗಸರ ಬಾಯಿ ಕಟ್ಟಿತು.

ಮುಂಡಕ್ಕೈ ಮತ್ತು ಚೂರಲ್‌ಮಲ

ಮೂರನೆಯದಾಗಿ, ನಮಗೆ ಇನ್ನೂ ಹತ್ತಿರದ ಒಂದು ಸಂಗತಿ. ಅದನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಪಂಚಾಯತಿಯ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಗುಡ್ಡ ಕುಸಿದು ಬಂತು. 250ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ತೋಟದ ಪಾಡಿಗಳಲ್ಲಿ ಮಲಗಿದ್ದ ಕೂಲಿಕಾರರೂ ಅವರ ಮಕ್ಕಳೂ ಇದ್ದರು. ಇದಕ್ಕೆ ನಾಲ್ಕು ವರ್ಷ ಮೊದಲು, 2020ರ ಆಗಸ್ಟ್ 6ರಂದು, ಮುನ್ನಾರಿನ ಪೆಟ್ಟಿಮುಡಿಯಲ್ಲಿ ಇದೇ ರೀತಿ ಗುಡ್ಡ ಜಾರಿ ತೋಟದ ಲೈನು ಮನೆಗಳು ಹೂತುಹೋಗಿ 70 ಜನ ತೀರಿಕೊಂಡಿದ್ದರು.

ಚೂರಲ್‌ಮಲದ ಕೆಸರಿನಿಂದ ಹೆಣ ತೆಗೆಯುವುದು ಮುಗಿದಿರಲಿಲ್ಲ. ಮಾರನೆಯ ದಿನ, ಜುಲೈ 31ರಂದು, ಪಾರ್ಲಿಮೆಂಟಿನಲ್ಲಿ ಗೃಹಮಂತ್ರಿ ಅಮಿತ್ ಶಾರವರು ಜುಲೈ 23ರಿಂದಲೇ ಕೇರಳಕ್ಕೆ ಎಚ್ಚರಿಕೆ ಕಳುಹಿಸಿದ್ದೆವು, ಜನರನ್ನು ಏಕೆ ಸ್ಥಳಾಂತರಿಸಲಿಲ್ಲ ಎಂದು ಕೇಳಿದರು. ಅದೇ ದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್‌ರವರು, ಹವಾಮಾನ ಇಲಾಖೆ ಮೊದಲು ಕೊಟ್ಟದ್ದು ಆರೆಂಜ್ ಎಚ್ಚರಿಕೆ ಮಾತ್ರ, ರೆಡ್ ಎಚ್ಚರಿಕೆ ಬಂದದ್ದು ಗುಡ್ಡ ಕುಸಿದ ಮೇಲೆ ಬೆಳಿಗ್ಗೆ 6 ಗಂಟೆಗೆ, 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ಸುರಿಯಿತು ಎಂದು ಉತ್ತರ ಕೊಟ್ಟರು. ಎರಡು ಕಡೆಯ ಬೆಂಬಲಿಗರೂ ಹೊಡೆದಾಟಕ್ಕೆ ನಿಂತರು.

ನೋಡಿ, ಇಲ್ಲಿ ಎತ್ತಿದ ಪ್ರಶ್ನೆ ಕೆಲಸಕ್ಕೆ ಬಾರದ ಪ್ರಶ್ನೆಯಲ್ಲ. ಎಚ್ಚರಿಕೆ ಬಂದಿತ್ತೇ ಎಂಬುದು ನಮ್ಮ ಜೀವದ ಪ್ರಶ್ನೆ. ಆದರೆ ಅದನ್ನು ಕಲ್ಲು ಎಸೆದ ಹಾಗೆ ಎಸೆದರು, ಕಲ್ಲನ್ನು ತಡೆದ ಹಾಗೆ ತಡೆದರು. "ತಪ್ಪು ನಿನ್ನದೋ ನನ್ನದೋ" ಎಂಬಲ್ಲಿಗೆ ಮಾತು ನಿಂತಿತು. ಪಾಡಿಯಲ್ಲಿ ಮಲಗುವವನಿಗೆ ಬೇಕಾದದ್ದು ಅದರ ಮುಂದಿನ ಪ್ರಶ್ನೆಗಳು. ಎಚ್ಚರಿಕೆಯ ಬಣ್ಣ ಯಾವುದೇ ಇರಲಿ, ಅದು ಆಫೀಸಿನಿಂದ ಪಾಡಿಯ ಬಾಗಿಲಿಗೆ ತಲುಪಿಸುವವನು ಯಾರು? ರಾತ್ರಿ ಕರೆಂಟು ಹೋದ ಮೇಲೆ ಹೇಗೆ ತಲುಪುತ್ತದೆ? ಯಾವ ಶಾಲೆಗೆ ಹೋಗಿ ಮಲಗಬೇಕು, ಅದರ ಬೀಗದ ಕೈ ಯಾರ ಹತ್ತಿರ ಇದೆ? ಮಳೆಯ ಎಚ್ಚರಿಕೆಯ ದಿನ ಮಸ್ಟರಿಗೆ ಹೋಗದಿದ್ದರೆ ಆ ದಿನದ ಕೂಲಿ ಕೊಡುವವರು ಯಾರು? ಕೂಲಿ ಹೋಗುತ್ತದೆಂದು ಹೆದರಿ ಜನ ಅಪಾಯದ ಸ್ಥಳದಲ್ಲೇ ಉಳಿದರೆ ಆ ಹೊಣೆ ಯಾರದು? ಗುಡ್ಡದ ಬುಡದಲ್ಲಿರುವ ಹಳೆಯ ಲೈನುಗಳನ್ನು ಬೇರೆ ಕಡೆಗೆ ಎಬ್ಬಿಸುವುದು ಯಾವಾಗ, ಯಾರ ಖರ್ಚಿನಲ್ಲಿ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೂಸು ಯಾರೆಂದು ಹೇಳಬೇಕಾಗಿಲ್ಲ.

ಕಾನೂನು ಎಷ್ಟು ದೂರ ಬರುತ್ತದೆ?

ಇದನ್ನು ತಡೆಯಲು ಕಾನೂನು ಇಲ್ಲವೇ ಎಂದು ಯುವಕರು ಕೇಳಬಹುದು. ಇದೆ. 1951ರ ಜನತಾ ಪ್ರಾತಿನಿಧ್ಯ ಕಾನೂನಿನ 123ನೆಯ ಕಲಮಿನಲ್ಲಿ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಸುಳ್ಳು ಪ್ರಕಟಿಸುವುದು ಭ್ರಷ್ಟ ಆಚರಣೆ ಎಂದು ಹೇಳಿದೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ವೋಟು ಕೇಳುವುದೂ ಹಾಗೆಯೇ. ರುಜುವಾತಾದರೆ ಗೆದ್ದವನ ಆಯ್ಕೆಯೇ ರದ್ದಾಗಬಹುದು.

ಇನ್ನೊಂದು ಸಂಗತಿ ನಮ್ಮ ನೆರೆಹೊರೆಗೆ ಹೆಮ್ಮೆಯದು. ಚುನಾವಣೆಯ ಮಾದರಿ ನೀತಿ ಸಂಹಿತೆ ಎಂದು ಈಗ ದೇಶವೆಲ್ಲ ಹೇಳುತ್ತದಲ್ಲ, ಅದು ಮೊದಲು ಹುಟ್ಟಿದ್ದು ಕೇರಳದಲ್ಲಿ, 1960ರ ವಿಧಾನಸಭಾ ಚುನಾವಣೆಯ ಕಾಲದಲ್ಲಿ. 1959ರಲ್ಲಿ ಅಲ್ಲಿನ ಸರಕಾರವನ್ನು ವಜಾ ಮಾಡಿದ ಮೇಲೆ ರಾಜ್ಯವೆಲ್ಲ ಕಾದ ಬಾಣಲೆಯಂತಿತ್ತು. ಸಭೆ, ಮೆರವಣಿಗೆ, ಮೈಕು, ಘೋಷಣೆಗಳ ಬಗ್ಗೆ ಪಕ್ಷಗಳು ಹೇಗೆ ನಡೆದುಕೊಳ್ಳಬೇಕೆಂದು ಆಗ ನಿಯಮಗಳನ್ನು ಮಾಡಿದರು. 1962ರ ಲೋಕಸಭಾ ಚುನಾವಣೆಯ ಹೊತ್ತಿಗೆ ಚುನಾವಣಾ ಆಯೋಗ ಅದನ್ನು ದೇಶದ ಪಕ್ಷಗಳಿಗೆಲ್ಲ ಕಳುಹಿಸಿತು. ಇತರ ಪಕ್ಷಗಳ ಟೀಕೆ ಅವುಗಳ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸ ಇಷ್ಟಕ್ಕೇ ನಿಲ್ಲಬೇಕು, ಖಾಸಗಿ ಬಾಳಿಗೆ ಕೈ ಹಾಕಬಾರದು ಎಂಬುದು ಇಂದಿನ ಸಂಹಿತೆಯ ಸಾರ. ಟೀಕೆ ಬೇರೆ, ಬೈಗಳು ಬೇರೆ ಎಂದು ನಾವು ಆಗಲೇ ಹೇಳಿದ ವ್ಯತ್ಯಾಸವೇ ಇದು.

ಆದರೆ ಈ ಸಂಹಿತೆ ಚುನಾವಣೆಯ ದಿನಗಳಿಗೆ ಮಾತ್ರ, ಅದು ತಾನಾಗಿ ಕಾನೂನೂ ಅಲ್ಲ. ಇನ್ನು 123ನೆಯ ಕಲಮಿನ ಕೇಸು ನಡೆಸಬೇಕಾದರೆ ಫಲಿತಾಂಶ ಬಂದ 45 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಹೇಳಿದ್ದು ಸುಳ್ಳೆಂದೂ, ಹೇಳಿದವನಿಗೆ ಅದರಲ್ಲಿ ನಂಬಿಕೆ ಇರಲಿಲ್ಲವೆಂದೂ ರುಜುಪಡಿಸಬೇಕು. ವರ್ಷಗಳೇ ಹಿಡಿಯುತ್ತವೆ. ಕಾನೂನು ಬೇಲಿಯಷ್ಟೇ. ಹೊಲ ಕಾಯುವವರು ನಾವೇ ಆಗಬೇಕು.

ನಾವು ಮಾಡಬೇಕಾದದ್ದು

ಯೂನಿಯನ್ ಕೆಲಸದಲ್ಲಿ ಇದ್ದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಬೇಡಿಕೆ ಪಟ್ಟಿ ಹಿಡಿದು ಮಾತುಕತೆಗೆ ಕುಳಿತಾಗ ಎದುರಿನವರು ಎಷ್ಟೋ ಸಲ ಬೇಡಿಕೆ ಬಿಟ್ಟು ಬೇರೆ ಮಾತು ತೆಗೆಯುತ್ತಾರೆ. "ನಿಮ್ಮ ಲೀಡರ್ ಎಷ್ಟು ದಿನ ಕೆಲಸಕ್ಕೆ ಬಂದಿದ್ದಾನೆ? ನಿಮ್ಮವರು ಕುಡಿಯುವುದಿಲ್ಲವೇ?" ಎನ್ನುತ್ತಾರೆ. ಅದಕ್ಕೆ ಉತ್ತರ ಕೊಡುತ್ತ ಕುಳಿತರೆ ಸಂಜೆಯಾಗುತ್ತದೆ, ಮಾತುಕತೆ ಮುಂದಕ್ಕೆ ಹೋಗುತ್ತದೆ. ತಿಳಿದವರು ಏನು ಮಾಡುತ್ತಾರೆ? "ಅದನ್ನು ಆಮೇಲೆ ಮಾತಾಡೋಣ ಸಾರ್, ಈಗ ಮೂರನೆಯ ಬೇಡಿಕೆಗೆ ಬನ್ನಿ" ಎನ್ನುತ್ತಾರೆ. ಹತ್ತು ಸಲ ತಪ್ಪಿಸಿದರೆ ಹತ್ತು ಸಲವೂ ಮೂರನೆಯ ಬೇಡಿಕೆಗೇ ಬರುತ್ತಾರೆ. ಆಡಿದ ಮಾತನ್ನು ಬರೆದಿಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಚುನಾವಣೆಯ ಸಭೆಯಲ್ಲಿ ಇಲ್ಲದಿರುವುದು ಇದೇ: ಪಟ್ಟಿ ಇಲ್ಲ, ಮೇಜು ಇಲ್ಲ, ಬರೆದುಕೊಳ್ಳುವವರಿಲ್ಲ. ಅದನ್ನು ನಾವು ಒದಗಿಸಬೇಕು.

ಹೇಗೆಂದರೆ, ಪ್ರತಿ ಡಿವಿಷನ್ನಿನಲ್ಲಿ ಹತ್ತು ಹನ್ನೆರಡು ಮಂದಿ, ಅವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆ ಹೆಂಗಸರು, ಒಂದು ಸಂಜೆ ಕುಳಿತು ಐದೇ ಪ್ರಶ್ನೆ ಬರೆಯಲಿ. ಐವತ್ತು ಬರೆದರೆ ಯಾರೂ ಉತ್ತರಿಸುವುದಿಲ್ಲ. ಕನ್ನಡದಲ್ಲಿ ಬರೆದು, ನಮ್ಮ ಶಾಲೆ ಕಲಿತ ಮಕ್ಕಳಿಂದ ಮಲಯಾಳಕ್ಕೋ ತಮಿಳಿಗೋ ಮಾಡಿಸಲಿ. ಪ್ರಶ್ನೆಗಳು ಇಂಥವು ಇರಬಹುದು:

ಮೊದಲನೆಯದು, ದಿನಗೂಲಿ ಎಷ್ಟಾಗಬೇಕೆಂದು ನಿಮ್ಮ ಪಕ್ಷ ಹೇಳುತ್ತದೆ, ಯಾವ ತಿಂಗಳಿನೊಳಗೆ?

ಎರಡನೆಯದು, 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ತೋಟ ಕಾರ್ಮಿಕರ ಹಳೆಯ ಕಾನೂನು ಅವುಗಳಲ್ಲಿ ಸೇರಿಹೋಯಿತು. ಮನೆ, ನೀರು, ಶಿಶುಗೃಹ, ಶಾಲೆ, ಆಸ್ಪತ್ರೆಗಳ ವಿವರವನ್ನು ರಾಜ್ಯದ ನಿಯಮಗಳು ಹೇಳಬೇಕು. ಆ ನಿಯಮಗಳಲ್ಲಿ ಹಳೆಯದಕ್ಕಿಂತ ಕಡಿಮೆಯಾಗದಂತೆ ನೀವು ಏನು ಮಾಡುತ್ತೀರಿ?

ಮೂರನೆಯದು, ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕೆಂದು ಕಾನೂನಿದೆ. ವರ್ಷಗಟ್ಟಲೆ ಕಾಯುತ್ತಿರುವವರಿಗೆ ಅದನ್ನು ಕೊಡಿಸುವ ದಾರಿ ಏನು?

ನಾಲ್ಕನೆಯದು, ಮಳೆಯ ಎಚ್ಚರಿಕೆ ಪಾಡಿಗೆ ತಲುಪಿಸುವ ಹೊಣೆ ಯಾರದು, ಆ ದಿನದ ಕೂಲಿ ಯಾರು ಕೊಡಬೇಕು?

ಐದನೆಯದು, ಕೆಲಸದಿಂದ ನಿಂತ ದಿನ ಪಾಡಿ ಬಿಡಬೇಕಾದವರಿಗೆ ಸ್ವಂತ ಮನೆಯ ಜಾಗ ಎಲ್ಲಿ, ಯಾವಾಗ?

ಈ ಒಂದೇ ಕಾಗದವನ್ನು ಎಲ್ಲ ಪಕ್ಷದವರಿಗೂ ಕೊಡಬೇಕು. ನಮ್ಮ ಮನಸ್ಸಿನ ಪಕ್ಷಕ್ಕೆ ಒಂದು ಪ್ರಶ್ನೆ, ಬೇಡದ ಪಕ್ಷಕ್ಕೆ ಇನ್ನೊಂದು ಎಂದಾಗಬಾರದು. ಉತ್ತರ ಕೊಡುವವನು ಎದುರಾಳಿಯನ್ನು ಬೈಯಲು ತೊಡಗಿದರೆ, ಸಮಾಧಾನವಾಗಿ, "ಅಣ್ಣಾ, ಅದು ತಿಳಿಯಿತು, ಎರಡನೆಯ ಪ್ರಶ್ನೆಗೆ ಬನ್ನಿ" ಎನ್ನಬೇಕು. ಹೇಳಿದ ಉತ್ತರವನ್ನು ಅವನ ಎದುರಿನಲ್ಲೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದು ಓದಿ ಹೇಳಬೇಕು. ಉತ್ತರ ಕೊಡಲಿಲ್ಲವಾದರೆ "ಉತ್ತರ ಕೊಡಲಿಲ್ಲ" ಎಂದೇ ಬರೆಯಬೇಕು. ಆ ಪುಟದ ನಕಲನ್ನು ವಾಚನಾಲಯದ ಗೋಡೆಗೆ ಅಂಟಿಸಬೇಕು. ಒಂದು ವರ್ಷದ ಮೇಲೆ ಮತ್ತೆ ತೆಗೆದು ಓದಬೇಕು. ಬೈಗಳಿಗೆ ಒಂದು ದಿನದ ಆಯಸ್ಸು, ಬರೆದ ಅಂಕಿಗೆ ಐದು ವರ್ಷದ ಆಯಸ್ಸು.

ಇನ್ನೊಂದು ಮಾತನ್ನು ಯೂನಿಯನ್‌ಗಳಿಗೂ ಹೇಳಲೇಬೇಕು. ನಮ್ಮ ತೋಟಗಳಲ್ಲಿ ಬೇರೆ ಬೇರೆ ಬಣ್ಣದ ಕೊಡಿಗಳಿವೆ. ಒಂದು ಯೂನಿಯನ್ನಿನವರು ಇನ್ನೊಂದನ್ನು ಕಂಪೆನಿಯ ಬಾಲ ಎಂದು ಬೈಯುವುದು ಗೇಟು ಸಭೆಗಳಲ್ಲಿ ಕೇಳಿಬರುವ ಮಾತೇ. ರಾಜಕಾರಣಿಯಿಂದ ಕೇಳಬಯಸುವ ಶಿಸ್ತನ್ನು ಗೇಟಿನ ಮುಂದೆಯೂ ಇಟ್ಟುಕೊಳ್ಳಬೇಕು. ಒಪ್ಪಂದದಲ್ಲಿ ತಪ್ಪಿದ್ದರೆ ಯಾವ ಕಲಮು ತಪ್ಪು ಎಂದು ಹೇಳಲಿ, ಸಹಿ ಹಾಕಿದವನ ಮನೆತನವನ್ನು ಎಳೆಯುವುದು ಬೇಡ.

ಯುವಕ ಯುವತಿಯರಿಗೆ ಒಂದು ವಿನಂತಿ. ಫೋನಿನಲ್ಲಿ ಯಾರನ್ನೋ ಬೈದ ತುಣುಕು ಬಂದಾಗ ಕಳುಹಿಸುವ ಮೊದಲು ಆ ಪರೀಕ್ಷೆ ಮಾಡಿ: ಇದು ನಿಜವಾದರೆ ನಮ್ಮ ಬಾಳಿನಲ್ಲಿ ಏನು ಬದಲಾಗುತ್ತದೆ? ಏನೂ ಇಲ್ಲವಾದರೆ ಅದು ನಿಮ್ಮ ಕೈಯಲ್ಲೇ ನಿಲ್ಲಲಿ. ನಿಮ್ಮ ತೋಟದ ಒಬ್ಬ ತಾಯಿಯ ಹೆಸರು ಕೆಡಿಸುವ ಮಾತಾದರಂತೂ ಅಲ್ಲೇ ಅದನ್ನು ತಡೆಯಿರಿ. ನಾಳೆ ನಮ್ಮ ಪರವಾಗಿ ಮಾತುಕತೆಗೆ ಕೂರಬೇಕಾದವಳು ಅವಳೇ.

ಪ್ರಿಯರೇ, ರಾಜಕಾರಣಿಗಳು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಆದರೆ ಬೈದರೆ ಇಲ್ಲಿ ಚಪ್ಪಾಳೆ ಇಲ್ಲ, ಲೆಕ್ಕ ಹೇಳಿದರೆ ಮಾತ್ರ ಜನ ಕೇಳುತ್ತಾರೆ ಎಂದು ನಾಲ್ಕು ತೋಟಗಳಲ್ಲಿ ತಿಳಿದರೆ, ಐದನೆಯ ತೋಟಕ್ಕೆ ಬರುವವನು ಕಾಗದ ಓದಿಕೊಂಡೇ ಬರುತ್ತಾನೆ. ಮುಂದಿನ ಭಾನುವಾರದೊಳಗೆ ಪ್ರತಿ ಡಿವಿಷನ್ನಿನ ಐದು ಪ್ರಶ್ನೆಗಳು ಬರೆದು ಸಿದ್ಧವಾಗಿರಲಿ.